ಜಮೀಲಮ್ಮನ ಸಲಾಮು

ಫರಂಗಿಪೇಟೆಯ ಮೊಯ್ದು ಜಿದ್ದಾದ ಶರಫಿಯಾದಲ್ಲಿ ಖರ್ಜೂರದ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಗುತ್ತಾ ಬಂದಿತ್ತು. ಅಷ್ಟು ವರ್ಷಗಳಲ್ಲಿ ಊರ ಕಡೆಯ ಎಷ್ಟೋ ಜನ ಉಮ್ರಾ ಯಾತ್ರೆಗೆ ಬಂದು ಹೋಗಿದ್ದರು. ಎಷ್ಟೋ ಜನರನ್ನು ಅವನೇ ವಿಮಾನ ನಿಲ್ದಾಣದಿಂದ ಕರೆತಂದು, ಊಟ ಹಾಕಿಸಿ ಕಳಿಸಿದ್ದ. ಅವನ ರಕ್ತಸಂಬಂಧದವರು ಮಾತ್ರ ಒಬ್ಬರೂ ಬಂದಿರಲಿಲ್ಲ. ಹಾಗಾಗಿ ಅಕ್ಕ ಜಮೀಲಮ್ಮ ಮಂಗಳೂರಿನ ಒಂದು ತಂಡದ ಜೊತೆ ಹೊರಟಿದ್ದಾಳೆ ಎಂದು ಊರಿನಲ್ಲಿದ್ದ ಹೆಂಡತಿ ಶಬ್ನಮ್ ಫೋನಿನಲ್ಲಿ ಹೇಳಿದಾಗ ಅವನಿಗೆ ಆ ದಿನವೆಲ್ಲ ವ್ಯಾಪಾರದಲ್ಲಿ ಮನಸ್ಸು ನಿಲ್ಲಲಿಲ್ಲ.

ಜಮೀಲಮ್ಮ ಬರೀ ಅಕ್ಕನಾಗಿರಲಿಲ್ಲ. ತಾಯಿ ತೀರಿಕೊಂಡಾಗ ಮೊಯ್ದು ಇನ್ನೂ ಮಾತು ಕಲಿಯುತ್ತಿದ್ದ ಮಗು. ಬೀಡಿ ಕಟ್ಟುವ ಮೊರ ಮಡಿಲಲ್ಲಿಟ್ಟುಕೊಂಡೇ ಅವಳು ಅವನನ್ನು ಕಾಲ ಮೇಲೆ ಮಲಗಿಸಿ ತೂಗಿದ್ದಳು. ಮಳೆಗಾಲದಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಮದ್ರಸಕ್ಕೆ ಬಿಟ್ಟು ಬಂದಿದ್ದಳು. ಮದುವೆಯಾಗಿ, ಒಂದು ಹೆಣ್ಣು ಹೆತ್ತು, ಬೇಗನೆ ಗಂಡನನ್ನು ಕಳೆದುಕೊಂಡು ತವರಿಗೇ ಮರಳಿದವಳು ಈಗ ಅರುವತ್ತು ದಾಟಿದ್ದಳು. ಮಂಡಿನೋವು ಶುರುವಾಗಿತ್ತು. ಆದರೂ ಒಂದೇ ಹಂಬಲ. ಮದೀನಾಕ್ಕೆ ಹೋಗಬೇಕು, ರೌಳಾ ಶರೀಫಿನಲ್ಲಿ ನಿಂತು ಎರಡು ರಕಅತ್ ನಮಾಜು ಮಾಡಬೇಕು. ಪ್ರವಾದಿಯವರ ಮಸೀದಿಯ ಒಳಗೆ, ಅವರ ಮನೆಗೂ ಪ್ರವಚನದ ಪೀಠವಾದ ಮಿಂಬರಿಗೂ ನಡುವೆ ಇರುವ ಆ ಸಣ್ಣ ಜಾಗ ಸ್ವರ್ಗದ ತೋಟಗಳಲ್ಲಿ ಒಂದು ಎಂದು ಅವಳು ಚಿಕ್ಕಂದಿನಿಂದ ಕೇಳಿದ್ದಳು. ಹೋದವರೆಲ್ಲ ಅಲ್ಲಿ ಹಸಿರು ಜಮಖಾನ ಹಾಸಿದೆ ಎಂದು ಬಂದು ಹೇಳಿದ್ದರು.

ತಂಡ ಮೊದಲು ಮದೀನಾಕ್ಕೆ ಬಂತು. ಮೊಯ್ದು ಅಂಗಡಿಯನ್ನು ಕೆಲಸದವರಿಗೆ ಒಪ್ಪಿಸಿ ಕಾರು ಹತ್ತಿ ಬಂದ. ಹೋಟೆಲಿನ ಬಾಗಿಲಲ್ಲಿ ಅಕ್ಕನನ್ನು ಕಂಡಾಗ ಅವಳು ಅವನ ಗಲ್ಲ ಸವರಿ, ಮೊದಲು ಕೇಳಿದ್ದು ಊಟ ಸರಿಯಾಗಿ ಮಾಡುತ್ತೀಯಾ ಇಲ್ಲವಾ ಎಂದು. ತಂಡದ ಮುಖ್ಯಸ್ಥ ಸಿರಾಜುದ್ದೀನ್ ಮುಸ್ಲಿಯಾರ್ ಒಳ್ಳೆಯ ಮನುಷ್ಯ. ಮರುದಿನದ ಕಾರ್ಯಕ್ರಮ ವಿವರಿಸಿದರು. ರೌಳಾಕ್ಕೆ ಈಗ ಮೊದಲಿನ ಹಾಗೆ ನುಗ್ಗಿ ಹೋಗುವ ಹಾಗಿಲ್ಲ, ಮೊಬೈಲಿನಲ್ಲಿ ಅನುಮತಿ ತೆಗೆದಿರಬೇಕು, ಕೊಟ್ಟ ಹೊತ್ತಿಗೇ ಹೋಗಬೇಕು. ತಂಡದ ಹೆಂಗಸರಿಗೆಲ್ಲ ಮರುದಿನ ಬೆಳಿಗ್ಗೆ ಹತ್ತೂವರೆಗೆ ಸಿಕ್ಕಿತ್ತು. ಅದರ ಮರುದಿನ ಬೆಳಿಗ್ಗೆ ಬಸ್ಸು ಮಕ್ಕಾಕ್ಕೆ. ಕುಬಾ, ಉಹುದ್ ಎಲ್ಲ ರೌಳಾ ಮುಗಿದ ಮೇಲೆ ಮಧ್ಯಾಹ್ನ ಬಸ್ಸಿನಲ್ಲಿ ನೋಡುವುದು ಎಂದರು.

ಮೊಯ್ದುವಿಗೆ ಅದು ಸರಿಬರಲಿಲ್ಲ. ತಾನೊಬ್ಬ ಇಲ್ಲಿ ಇದ್ದೂ ಅಕ್ಕ ಬಸ್ಸಿನ ಕಿಟಕಿಯಿಂದ ಉಹುದ್ ನೋಡುವುದಾ? ಮಂಡಿ ಬೇರೆ ನೋಯುತ್ತದೆ. ಮುಂಜಾನೆಯ ನಮಾಜು ಮುಗಿದ ಕೂಡಲೇ ತನ್ನ ಕಾರಿನಲ್ಲಿ ಕರಕೊಂಡು ಹೋಗಿ, ಎಲ್ಲ ತೋರಿಸಿ, ಹತ್ತು ಗಂಟೆಯ ಒಳಗೆ ತಂದು ಬಿಡುತ್ತೇನೆ ಎಂದ. ಮುಸ್ಲಿಯಾರರು ಸ್ವಲ್ಪ ಅನುಮಾನಿಸಿದರು. ಆದರೆ ತಮ್ಮನೇ ಅಕ್ಕನನ್ನು ಕರೆದೊಯ್ಯುವಾಗ ಬೇಡ ಎನ್ನುವುದು ಹೇಗೆ?

ಮರುದಿನ ಬೆಳಿಗ್ಗೆ ಮೊದಲು ಕುಬಾ. ಪ್ರವಾದಿಯವರು ಮದೀನಾಕ್ಕೆ ಬಂದಾಗ ಮೊಟ್ಟಮೊದಲು ಕಟ್ಟಿದ ಮಸೀದಿ. ಬಿಳಿ ಗುಮ್ಮಟಗಳ ಮೇಲೆ ಆಗಷ್ಟೇ ಬೆಳಕು ಬೀಳುತ್ತಿತ್ತು. ಹೆಂಗಸರ ಕಡೆಯಿಂದ ನಮಾಜು ಮುಗಿಸಿ ಬಂದ ಜಮೀಲಮ್ಮನ ಮುಖ ನೋಡಿ ಮೊಯ್ದುವಿಗೆ ಹೊಟ್ಟೆ ತುಂಬಿದ ಹಾಗಾಯಿತು. ಇಷ್ಟು ವರ್ಷ ದುಡಿದದ್ದು ಸಾರ್ಥಕ ಅನಿಸಿತು.

ಅಲ್ಲಿಂದ ಉಹುದ್, ಪ್ರವಾದಿಯವರ ಕಾಲದಲ್ಲಿ ಯುದ್ಧ ನಡೆದ ಜಾಗ. ಕೆಂಪು ಮಣ್ಣಿನ ಬಣ್ಣದ ಬೋಳು ಬೆಟ್ಟ, ಅದರ ಕೆಳಗೆ ಕಂಬಿಯ ಬೇಲಿಯೊಳಗೆ ಹುತಾತ್ಮರ ಸಮಾಧಿಗಳು. ಹೆಸರಿಲ್ಲ, ಗೋಪುರವಿಲ್ಲ, ಬರೀ ಮಣ್ಣು, ಕಲ್ಲು. ಎದುರಿಗೆ ಬಿಲ್ಲಾಳುಗಳ ದಿಣ್ಣೆ. ಯುದ್ಧ ಗೆದ್ದಾಯಿತೆಂದು ಬಿಲ್ಲಾಳುಗಳು ತಮ್ಮನ್ನು ನಿಲ್ಲಿಸಿದ್ದ ಜಾಗ ಬಿಟ್ಟು ಕೆಳಗಿಳಿದದ್ದು, ಹಿಂದಿನಿಂದ ಕುದುರೆಗಳು ಬಂದದ್ದು, ಪ್ರವಾದಿಯವರ ಚಿಕ್ಕಪ್ಪ ಹಂಝಾ ಬಿದ್ದದ್ದು, ಎಲ್ಲವನ್ನೂ ಮೊಯ್ದು ಕೈ ತೋರಿಸಿ ತೋರಿಸಿ ಹೇಳಿದ. ಜಮೀಲಮ್ಮ ಬೇಲಿ ಹಿಡಿದು ಅತ್ತಳು. ಸ್ವಲ್ಪ ಹೊತ್ತು ಬಿಟ್ಟು ಕಣ್ಣೊರೆಸಿಕೊಂಡು, ಇನ್ನು ಹೋಗುವನಾ, ಹೆಂಗಸರೆಲ್ಲ ಹೊರಟಿರಬಹುದು ಎಂದಳು. ಇನ್ನೂ ಬೇಕಾದಷ್ಟು ಹೊತ್ತಿತ್ತು. ಮೊಯ್ದು ಆಗ ಕಾರನ್ನು ನೇರ ಮಸೀದಿಯ ಕಡೆಗೆ ತಿರುಗಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಕಾರು ಹತ್ತುವಾಗ ಅವನಿಗೆ ಅಬೂ ಸಾಲೆಹ್‌ನ ಫೋನು ಬಂತು. ಮದೀನಾದ ಅಂಚಿನಲ್ಲಿ ಆ ಮುದುಕನದು ದೊಡ್ಡ ಖರ್ಜೂರದ ತೋಟ. ರಂಝಾನಿಗೆ ಮೊದಲು ಮೊಯ್ದುವಿನ ಅಂಗಡಿಗೆ ಅಜ್ವಾ ಖರ್ಜೂರ ಬರುವುದು ಅಲ್ಲಿಂದಲೇ. ನೀನು ಮದೀನಾದಲ್ಲಿದ್ದೀಯೆಂದು ಕೇಳಿದೆ, ಬಾರದೆ ಹೋದರೆ ಬೇಸರವಾಗುತ್ತದೆ ಎಂದ. ಈ ಸಲದ ಮಾಲಿನ ಮಾತು ಇನ್ನೂ ಕುದುರಿರಲಿಲ್ಲ. ಮೊಯ್ದು ಅಕ್ಕನಿಗೆ ಹೇಳಿದ್ದು ಬೇರೆ. ಮದೀನಾಕ್ಕೆ ಬಂದು ಖರ್ಜೂರದ ತೋಟ ನೋಡದೆ ಹೋದರೆ ಹೇಗೆ, ದಾರಿಯಲ್ಲೇ ಉಂಟು, ಐದು ನಿಮಿಷದ ಕೆಲಸ ಎಂದ. ಅವಳು ಹೂಂ ಎಂದಳು. ತಮ್ಮನಿಗೆ ಅವಳು ಯಾವತ್ತೂ ಇಲ್ಲ ಅಂದವಳಲ್ಲ.

ತೋಟ ದಾರಿಯಲ್ಲೇನೂ ಇರಲಿಲ್ಲ. ಅಬೂ ಸಾಲೆಹ್ ಜಮಖಾನ ಹಾಸಿ ಕೂರಿಸಿ, ಗಹ್ವಾ ಎಂಬ ಅರಬಿ ಕಾಫಿ ಬಗ್ಗಿಸಿದ. ಸಣ್ಣ ಲೋಟ ಖಾಲಿಯಾದ ಹಾಗೆಲ್ಲ ಮತ್ತೆ ತುಂಬಿಸಿದ. ಜಮೀಲಮ್ಮನನ್ನು ಒಳಗೆ ಹೆಂಗಸರ ಕಡೆಗೆ ಕಳಿಸಿದ್ದರು. ದರದ ಮಾತು ಬಂತು, ಮುದುಕ ನಕ್ಕು ಬೇರೆ ಮಾತೆತ್ತಿದ. ಮತ್ತೆ ಆ ಮಾತಿಗೆ ತರಲು ಇನ್ನೊಂದು ಸುತ್ತು ಗಹ್ವಾ. ನಡುವೆ ಒಮ್ಮೆ ಜಮೀಲಮ್ಮ ಬಾಗಿಲ ಪರದೆಯ ಪಕ್ಕ ಬಂದು ನಿಂತದ್ದು ಮೊಯ್ದುವಿಗೆ ಕಂಡಿತು. ಅವಳು ಕರೆಯಲಿಲ್ಲ. ಅವನು ಕೈ ಸನ್ನೆಯಲ್ಲಿ ಈಗ ಬಂದೆ ಎಂದ. ಅವಳು ತಲೆಯಾಡಿಸಿ ಒಳಗೆ ಹೋದಳು. ಮಾತು ಕೊನೆಗೂ ಅವನಿಗೆ ಬೇಕಾದ ಹಾಗೆ ಮುಗಿಯಿತು. ಎದ್ದು ಗಡಿಯಾರ ನೋಡಿದಾಗ ಹತ್ತು ಗಂಟೆ ಯಾವಾಗಲೋ ದಾಟಿತ್ತು.

ರಸ್ತೆಯಲ್ಲಿ ಬಸ್ಸುಗಳು ಒಂದರ ಹಿಂದೊಂದು ನಿಂತಿದ್ದವು. ಸಿಗ್ನಲಿನಲ್ಲಿ ಮೊಯ್ದು ಸ್ಟಿಯರಿಂಗಿಗೆ ಬಡಿಯುತ್ತಿದ್ದ. ಮುಸ್ಲಿಯಾರರ ಫೋನು ಬರುತ್ತಲೇ ಇತ್ತು. ಜಮೀಲಮ್ಮ ಹಿಂದಿನ ಸೀಟಿನಲ್ಲಿ ಸಣ್ಣ ದನಿಯಲ್ಲಿ ಪ್ರವಾದಿಯವರ ಮೇಲೆ ಸಲಾತ್ ಹೇಳುತ್ತಾ ಕೂತಿದ್ದಳು. ನೆಲದಡಿಯ ಪಾರ್ಕಿಂಗಿನಲ್ಲಿ ಜಾಗ ಹುಡುಕಿ, ಮೇಲೆ ಬಂದು, ಆ ವಿಶಾಲವಾದ ಬಿಳಿ ಅಂಗಳದಲ್ಲಿ ಅವನು ಮುಂದೆ ಮುಂದೆ ಓಡುತ್ತಿದ್ದರೆ ಅವಳು ಒಂದು ಕೈಯಲ್ಲಿ ಮಂಡಿ ಒತ್ತಿ ಹಿಡಿದು ಹಿಂದೆ ಬರುತ್ತಿದ್ದಳು. ಅವಳು ಹಾಗೆ ಓಡಿದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ.

ಹೆಂಗಸರ ಬಾಗಿಲಲ್ಲಿ ಪ್ಲಾಸ್ಟಿಕ್ ತಡೆ ಅಡ್ಡ ಇಟ್ಟಾಗಿತ್ತು. ಕಪ್ಪು ಬಟ್ಟೆಯ ಕಾವಲಿನ ಹೆಂಗಸು ಮೊಬೈಲಿನಲ್ಲಿದ್ದ ಅನುಮತಿ ನೋಡಿ, ಹೊತ್ತು ಮೀರಿದೆ, ಖಲಾಸ್ ಎಂದಳು. ಮೊಯ್ದು ತನಗೆ ಬರುವ ಅರಬಿಯನ್ನೆಲ್ಲ ಸುರಿದ. ನನ್ನ ತಾಯಿಯ ಹಾಗೆ, ಮತ್ತೆ ಬರಲಾರಳು ಎಂದ. ಆ ಹೆಂಗಸು ಗದರಲಿಲ್ಲ. ಜಮೀಲಮ್ಮನ ಕೈ ಹಿಡಿದು, ಹಾಜ್ಜಾ, ನಿಮ್ಮನ್ನು ಬಿಟ್ಟರೆ ಹಿಂದೆ ನಿಂತ ಇವರನ್ನೆಲ್ಲ ಬಿಡಬೇಕು ಎಂದಳು. ಹಿಂದೆ ತಿರುಗಿದರೆ ಅದೇ ರೀತಿ ತಡವಾಗಿ ಬಂದ ಹೆಂಗಸರು ಗೋಡೆಗೊರಗಿ ಕೂತು ಅಳುತ್ತಿದ್ದರು.

ಮೊಯ್ದು ಮೊಬೈಲು ತೆಗೆದು ಬೇರೆ ಹೊತ್ತು ಹುಡುಕಿದ. ಆ ದಿನವಿಡೀ, ಮರುದಿನ, ಅದರ ಮರುದಿನ, ಹೆಂಗಸರಿಗೆ ಒಂದು ಜಾಗವೂ ಉಳಿದಿರಲಿಲ್ಲ.

"ಬಿಡು ಮೊಯ್ದು," ಎಂದಳು ಜಮೀಲಮ್ಮ. "ಅಲ್ಲಾಹು ಬರೆದಿಲ್ಲ. ಬಾ, ನೀನು ಬೆಳಿಗ್ಗೆಯಿಂದ ಎಂತದೂ ತಿಂದಿಲ್ಲ."

ಆ ಸಂಜೆ ಅವಳು ಅಂಗಳದಲ್ಲಿ ನಿಂತು ಪ್ರವಾದಿಯವರ ಸಮಾಧಿಯ ಮೇಲಿನ ಹಸಿರು ಗುಮ್ಮಟವನ್ನೇ ನೋಡುತ್ತಿದ್ದಳು. ಮರುದಿನ ಬೆಳಿಗ್ಗೆ ಬಸ್ಸು ಹೊರಟಿತು. ಕಿಟಕಿಯಿಂದ ಅವನಿಗೆ ಕೈ ಬೀಸಿದಳು. ಒಂದು ಮಾತು ಬೈದಿರಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಊರು ಮುಟ್ಟಿದ ವಾರದಲ್ಲೇ ಶಬ್ನಮ್ ಫೋನು ಮಾಡಿ ಸಂಭ್ರಮದಿಂದ ಹೇಳಿದಳು. ಮನೆ ತುಂಬ ಜನ ಬಂದಿದ್ದರಂತೆ. ರೌಳಾ ಹೇಗಿದೆಯೆಂದು ಎಲ್ಲರೂ ಕೇಳಿದರಂತೆ. ಅತ್ತಿಗೆ ಎಷ್ಟು ಚಂದ ಹೇಳಿದ್ದಾರೆ, ಹಸಿರು ಜಮಖಾನ, ಬಿಳಿ ಕಂಬಗಳು, ಕಾಲಿಡಲಿಕ್ಕೆ ಜಾಗ ಇಲ್ಲದಿದ್ದರೂ ಎರಡು ರಕಅತ್ ಆರಾಮದಲ್ಲಿ ಮಾಡಿದೆ ಎಂದು ಹೇಳುವಾಗ ಕೇಳಿದವರೆಲ್ಲ ಅತ್ತರು. ನಿಮ್ಮ ಹೆಸರಲ್ಲಿ ಅಲ್ಲಿ ದುಆ ಮಾಡಿದ್ದಾರಂತೆ, ತಮ್ಮ ಇಲ್ಲದಿದ್ದರೆ ನನಗೆ ಈ ಭಾಗ್ಯ ಎಲ್ಲಿಂದ ಎಂದರು, ಎಂದಳು.

ಮೊಯ್ದು ಅಂಗಡಿಯ ಸ್ಟೂಲಿನ ಮೇಲೆ ಕೂತ. ಹೌದು ಎಂದನಾ, ಇಲ್ಲ ಎಂದನಾ, ಅವನಿಗೇ ನೆನಪಿಲ್ಲ. ಅಕ್ಕ ಸುಳ್ಳಾಡಿದ್ದನ್ನು ಅವನು ಜೀವಮಾನದಲ್ಲಿ ಕೇಳಿರಲಿಲ್ಲ. ನಿಜ ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂತು. ಆದರೆ ಶಬ್ನಮ್‌ನ ದನಿಯಲ್ಲಿ ಅವನ ಬಗ್ಗೆ ಅಷ್ಟು ಹೆಮ್ಮೆಯಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಎಂದದ್ದು ತಿಂಗಳುಗಟ್ಟಲೆ ಸರಿದುಹೋಯಿತು.

ಮುಂದಿನ ವರ್ಷ ಶಬ್ನಮ್‌ನ ಅಣ್ಣ ತನ್ನ ಕುಟುಂಬದೊಂದಿಗೆ ಉಮ್ರಾಕ್ಕೆ ಹೊರಟ. ಮೊಯ್ದುವಿನ ಮನೆಯ ಹಿರಿಯ ಹೆಂಗಸರಲ್ಲಿ ಒಬ್ಬರನ್ನು ಕರೆದೊಯ್ಯುತ್ತೇನೆ ಎಂದನಂತೆ. ಮಾತುಕತೆಯಾಗಿ ಬೀಪಾತುಮ್ಮ ಚಿಕ್ಕಮ್ಮನನ್ನು ಕಳಿಸುವುದೆಂದು ತೀರ್ಮಾನವಾಯಿತು. ಜಮೀಲಮ್ಮನಿಗೆ ಹೇಗೂ ಎಲ್ಲ ಸಿಕ್ಕಿದೆ, ರೌಳಾ ಸಹಿತ. ಸಿಗದವರು ಹೋಗಲಿ ಎಂದು ಜಮೀಲಮ್ಮನೇ ಮೊದಲು ಹೇಳಿದಳಂತೆ.

ಇದನ್ನು ಕೇಳಿದ ಕೂಡಲೇ ಮೊಯ್ದು ಅಕ್ಕನಿಗೆ ಫೋನು ಮಾಡಿದ. ಅವಳು ಒಬ್ಬಳೇ ಇದ್ದಾಳೆಯೇ ಎಂದು ಕೇಳಿ, ಆಮೇಲೆ ವಿಷಯಕ್ಕೆ ಬಂದ.

"ಅಕ್ಕ, ನೀನು ಯಾಕೆ ಹಾಗೆ ಹೇಳಿದ್ದು?"

"ಮತ್ತೆ ಎಂತ ಹೇಳುವುದು? ಹೋಗಲಿಕ್ಕೆ ಆಗಲಿಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ತಮ್ಮ ವ್ಯಾಪಾರಕ್ಕೆ ಕೂತ, ಅಕ್ಕನಿಗೆ ತಪ್ಪಿತು ಅಂತ ಊರಿಡೀ ಆಗ್ತಿತ್ತು. ಒಬ್ಬರಿಗೆ ಹೇಳಿದೆ. ಮತ್ತೆ ಬಂದವರಿಗೆಲ್ಲ ಹೇಳಬೇಕಾಯ್ತು."

"ನಾನು ಶಬ್ನಮ್‌ಗೆ ಹೇಳ್ತೇನೆ. ಎಲ್ಲರಿಗೂ ಹೇಳ್ತೇನೆ."

"ಈಗಲಾ? ಈಗ ಹೇಳಿದ್ರೆ ನಿನ್ನ ತಪ್ಪು ಯಾರೂ ನೋಡುದಿಲ್ಲ ಮೊಯ್ದು. ಜಮೀಲ ರೌಳಾದ ಹೆಸರಲ್ಲಿ ಸುಳ್ಳು ಹೇಳಿದಳು ಅಂತಲೇ ಹೇಳುವುದು."

ಹಾಗಾದರೆ ನಾನೇ ವೀಸಾ ತೆಗೆಯುತ್ತೇನೆ, ನೀನೊಬ್ಬಳೇ ಬಾ, ಯಾರಿಗೂ ಏನೂ ಹೇಳುವುದು ಬೇಡ, ಈ ಸಲ ಹಿಂದಿನ ದಿನವೇ ಹೋಗಿ ಬಾಗಿಲಲ್ಲಿ ಕೂರುವ ಎಂದ. ಅವಳು ನಕ್ಕಳು. ಈಗ ಮೆಟ್ಟಿಲು ಹತ್ತಲಿಕ್ಕಾಗುವುದಿಲ್ಲ, ಪಾಯಿಖಾನೆಗೆ ಹೋಗಲೂ ಮಗಳು ಹಿಡಿಯಬೇಕು, ಇನ್ನು ವಿಮಾನದ ಮಾತು ಎಲ್ಲಿಂದ ಎಂದಳು. ಆ ಬೆಳಗ್ಗೆ ಓಡಿದ ಮೇಲೆಯೇ ಮಂಡಿ ಹೀಗಾಯಿತೇ ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಫೋನಿಡುವ ಮೊದಲು ಅವಳು ಮೆಲ್ಲನೆ, "ಸುಳ್ಳು ಹೇಳಿದ್ದು ಮಾತ್ರ ನನಗೆ ನುಂಗ್ಲಿಕ್ಕೆ ಆಗುದಿಲ್ಲ, ಅದೂ ಆ ಜಾಗದ ವಿಷಯದಲ್ಲಿ. ನೀನು ನನಗೊಂದು ದುಆ ಮಾಡು," ಎಂದಳು.

ಬೀಪಾತುಮ್ಮ ಬಂದಾಗ ಮೊಯ್ದು ಮದೀನಾಕ್ಕೆ ಹೋದ. ಅಬೂ ಸಾಲೆಹ್‌ನ ಫೋನು ಬಂದರೂ ಎತ್ತಲಿಲ್ಲ. ಬೇರೆಲ್ಲಿಗೂ ಹೋಗುವುದು ಬೇಡವೆಂದು ಹೇಳಿ, ಕೊಟ್ಟ ಹೊತ್ತಿಗಿಂತ ಎಷ್ಟೋ ಮೊದಲೇ ಅವರನ್ನು ಆ ಬಾಗಿಲಿಗೆ ಮುಟ್ಟಿಸಿದ. ಬಾಗಿಲಲ್ಲಿ ಬೇರೆ ಯಾರೋ ಕಾವಲಿದ್ದರು. ಬೀಪಾತುಮ್ಮ ಒಳಗೆ ಹೋಗುವುದು ಕಾಣುವಷ್ಟು ಹೊತ್ತು ನಿಂತು, ಅಂಗಳದ ದೊಡ್ಡ ನೆರಳಿನ ಛತ್ರಿಯ ಕಂಬಕ್ಕೆ ಒರಗಿ ಕೂತ.

ಹೊರಗೆ ಬಂದಾಗ ಅವರ ಕಣ್ಣು ಅತ್ತು ಅತ್ತು ಊದಿಕೊಂಡಿತ್ತು. ಮೊಯ್ದು ನೀರಿನ ಲೋಟ ಕೊಟ್ಟ.

"ಪ್ರವಾದಿಯವರಿಗೆ ಜಮೀಲನ ಸಲಾಂ ಹೇಳಿದೆ," ಎಂದರು ನೀರು ಕುಡಿದು. "ಹೊರಡುವ ದಿವಸ ನನ್ನ ಎರಡು ಕೈಯೂ ಹಿಡಿದುಕೊಂಡು, ನನ್ನ ಸಲಾಂ ಮುಟ್ಟಿಸು, ಮರೀಬೇಡ, ಮರೀಬೇಡ ಅಂತ ಒಂದೇ ಸಮ ಹೇಳಿದ್ದು. ತಾನೇ ಬಂದು ಹೇಳಿ ಹೋದವಳು, ಮತ್ತೆ ಎಂತಕ್ಕೆ ಅಷ್ಟು ಅಳುವುದು ಅಂತ ನನಗೆ ಗೊತ್ತಾಗಲಿಲ್ಲ ನೋಡು."

ಮೊಯ್ದು ಬಾಯಿ ತೆರೆದ. ಅವರು ಅವನ ಮುಖವನ್ನೇ ನೋಡುತ್ತಿದ್ದರು.

"ಎಷ್ಟು ಸಲ ಹೇಳಿದ್ರೂ ಸಾಕಾಗುದಿಲ್ಲ ಚಿಕ್ಕಮ್ಮ," ಎಂದ.

ಅದು ಹೌದು ಎಂದು ಬೀಪಾತುಮ್ಮ ಒಪ್ಪಿಕೊಂಡರು. ಅವನು ಅವರ ಚಪ್ಪಲಿ ನೆಲಕ್ಕಿಟ್ಟು, ಕಾಲಿಗೆ ಸರಿಯಾಗಿ ತಿರುಗಿಸಿ ಕೊಟ್ಟ. ಅವರು ಹಾಕಿಕೊಂಡು ಎದ್ದ ಮೇಲೆ ಕೈ ಹಿಡಿದು, ಅವರ ನಡಿಗೆಗೆ ತಕ್ಕ ಹಾಗೆ ನಿಧಾನವಾಗಿ ಅಂಗಳ ದಾಟಿಸಿದ.