ಹಂದರದ ಅಂಚು

ಗಂಗಾವತಿಯ ಅಕ್ಕಿ ವ್ಯಾಪಾರಿ ಅಮರಪ್ಪ ದೊಡ್ಡ ಟಿವಿ ತಂದ ದಿನ ಮನೆಯಲ್ಲಿ ಬೇರೆ ಕೆಲಸವೇ ನಡೆಯಲಿಲ್ಲ. ಅವನ ಮದುವೆಯ ಹಳೆಯ ಕ್ಯಾಸೆಟ್ಟನ್ನು ಕೊಪ್ಪಳದ ಸ್ಟುಡಿಯೋದವರು ಕಂಪ್ಯೂಟರಿಗೆ ಏರಿಸಿಕೊಟ್ಟಿದ್ದರು. ಅದನ್ನು ಟಿವಿಯಲ್ಲಿ ನೋಡಿಯೇ ಊಟ ಎಂದು ಹಟ ಹಿಡಿದಿದ್ದ. ಹೆಂಡತಿ ಪಂಪಾವತಿಗೆ ಅಷ್ಟು ಉಮೇದಿರಲಿಲ್ಲ.

ಆ ಕ್ಯಾಸೆಟ್ ಅವಳಿಗೆ ಒಳಗೇ ಮುರಿದ ಮುಳ್ಳು. 1997ರಲ್ಲಿ ಕನಕಗಿರಿಯಲ್ಲಿ ಮದುವೆ. ಅಪ್ಪ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ. ಗಂಡ ಸತ್ತವಳು ಹಂದರಕ್ಕೆ ಬರಬಾರದೆಂದು ಹಿರಿಯರು ಅಂದದ್ದೇ ತಡ, ಅವ್ವ ಕಸ್ತೂರೆಮ್ಮ ಅಡುಗೆಮನೆ ಸೇರಿದಳು. "ಕಂಬದ ಮಗ್ಗಲಕ ನಿಂತು ನಾನೂ ಅಕ್ಕಿಕಾಳು ಹಾಕೀನವಾ" ಎಂದು ಆಮೇಲೆ ಎಷ್ಟೋ ಸಲ ಹೇಳಿದ್ದಳು. ಪಂಪಾವತಿ ಹಳೆಯ ಟಿವಿಯಲ್ಲಿ ಕ್ಯಾಸೆಟ್ ಹಿಂದೆ ಮುಂದೆ ಓಡಿಸಿ ನೋಡಿದ್ದಳು. ಎಡಗಡೆ ಕಂಬವಿತ್ತು, ಅವ್ವ ಇರಲಿಲ್ಲ. ಮಂದಿಯ ಬಾಯಿಗೆ ಹೆದರಿ ಹೆತ್ತ ಮಗಳಿಗೆ ನಾಲ್ಕು ಕಾಳು ಅಕ್ಷತೆ ಹಾಕಲಿಲ್ಲವಲ್ಲ ಎಂಬ ಸಿಟ್ಟು ಅವ್ವ ಸತ್ತ ಮೇಲೂ ಆರಿರಲಿಲ್ಲ.

ಅಮರಪ್ಪ ಕಂಪ್ಯೂಟರಿನಿಂದ ಟಿವಿಗೆ ಕೇಬಲ್ ಚುಚ್ಚಿದ. ಸಿಗ್ನಲ್ ಇಲ್ಲವೆಂದಿತು ಟಿವಿ. ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದ ಮೇಲೆ ಚಿತ್ರ ಬಂತು, ಆದರೆ ಮಂಜು ಮಂಜು. ಕಂಪ್ಯೂಟರಿನಲ್ಲಿ ರೆಸಲ್ಯೂಶನ್ ಪೂರ್ತಿ ಏರಿಸಿದಾಗ ಅಕ್ಷರಗಳು ಸ್ವಚ್ಛವಾದವು. ಬೇರೆಯವರಾದರೆ ಅಲ್ಲಿಗೆ ಬಿಡುತ್ತಿದ್ದರು. ತಕ್ಕಡಿಯಲ್ಲಿ ಒಂದು ಕಾಳೂ ಆಚೀಚೆಯಾಗಲು ಬಿಡದ ಈ ಮನುಷ್ಯನಿಗೆ ಮಾತ್ರ ಕಂಪ್ಯೂಟರ್ ಪರದೆಯ ಕೆಳಮೂಲೆಯ ಗಡಿಯಾರ ಟಿವಿಯಲ್ಲಿ ಮಾಯವಾದದ್ದು ಕಣ್ಣಿಗೆ ಬಿತ್ತು.

"ಸುತ್ತಲಿನ ಅಂಚು ಟಿವಿ ನುಂಗೇತಿ ನೋಡು. ಹಳೇ ಟಿವಿನೂ ಹಿಂಗ ನುಂಗತಿತ್ತಂತ, ಸ್ಟುಡಿಯೋದವ ಹೇಳಿದ" ಎಂದ.

ಊಟ ಆರುತ್ತದೆ ಎಂದು ಅವಳು ಗೊಣಗಿದಳು. ಅವನು ಟಿವಿಯ ಒಳಗಿನ ಸೆಟಿಂಗ್ ಒಂದೊಂದೇ ತೆಗೆದು ನೋಡಿ, ಕೊನೆಗೆ ಪರದೆಯ ಅಳತೆ ಸರಿಮಾಡುವುದನ್ನು ಹಿಡಿದ. ಗಡಿಯಾರ ಮೇಲೆದ್ದು ಬಂತು. ಗೆದ್ದವನ ಗತ್ತಿನಲ್ಲಿ ಮದುವೆ ಹಚ್ಚಿದ. ಪರದೆ ತುಂಬ ಹಿಗ್ಗಿಸಿದ್ದರಿಂದ ಮದುಮಗನಾದಿಯಾಗಿ ಬೀಗರೆಲ್ಲ ದಪ್ಪಗಾಗಿದ್ದರು. ಪಂಪಾವತಿಗೂ ನಗು ಬಂತು. ಅವಳ ತಲೆಯ ಮೇಲಿದ್ದ ಆ ಬಾಸಿಂಗ, ಆಗಿನ ಆ ನಾಚಿಕೆ, ಎಲ್ಲ ಎಲ್ಲಿಗೆ ಹೋದವೋ.

ಅಕ್ಕಿಕಾಳು ಹಾಕುವ ಹೊತ್ತು ಬಂತು. ಎಡಗಡೆ ಅದೇ ಕಂಬ. ಕಂಬದ ಆಚೆ ಇದುವರೆಗೆ ಕಾಣದಿದ್ದ ಒಂದಿಷ್ಟು ಜಾಗ. ಅಲ್ಲಿ ಇಳಕಲ್ ಸೀರೆಯ ಅವ್ವ ನಿಂತಿದ್ದಳು. ಅತ್ತಿತ್ತ ನೋಡಿದಳು. ಮುಷ್ಟಿ ಎತ್ತಿ ಬೀಸಿ ಹಾಕಿದಳು. ಮಗಳ ತನಕ ಹೋಗದ ಕಾಳುಗಳು ಮುಂದಿದ್ದವರ ಬೆನ್ನ ಮೇಲೆ ಬಿದ್ದವು. ಸೆರಗಿನಿಂದ ಕಣ್ಣೊರೆಸಿಕೊಂಡು ಹಿಂದೆ ಸರಿದಳು.

ಇಷ್ಟು ವರ್ಷ ಅವ್ವ ಅಲ್ಲೇ ನಿಂತಿದ್ದಳು.

"ಇನ್ನೊಮ್ಮೆ ಹಚ್ಚರಿ" ಎಂದಳು ಪಂಪಾವತಿ.

ಅಮರಪ್ಪ ಹಿಂದಕ್ಕೆ ಓಡಿಸಿದ. ಅವಳು ಎದ್ದು ಹೋಗಿ, ಕಂಬವಿದ್ದ ಕಡೆ ಟಿವಿಗೆ ಆತುಕೊಂಡಂತೆ ನಿಂತಳು. ಅವ್ವ ಮುಷ್ಟಿ ಎತ್ತಿದಾಗ ಸೆರಗು ಹೊದ್ದು ತಲೆ ಬಾಗಿಸಿದಳು.

"ನೀ ಬಂದಿದ್ದಿ ಅವ್ವಾ. ನಾನ ನಂಬಲಿಲ್ಲ" ಅಂದಳು.