ಗೋಡೆಯಾಚೆ ನಿಂತ ಗರಗಸ

ದರ್ಜಿ ಅಕ್ಕನಿಗೂ ಪಕ್ಕದಂಗಡಿಯ ಬಡಗಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅವನ ಮರದ ಹುಡಿ ಇವಳ ಬಿಳಿ ಬಟ್ಟೆಯ ಮೇಲೆ ಕೂತ ದಿನ ಹುಟ್ಟಿದ ಜಗಳ ಅದು. ಇಬ್ಬರೂ ಒಂಟಿ, ಇಬ್ಬರದೂ ಬಾಯಿ ಜೋರು.

ಈಚೆಗೆ ಕಾಲೇಜಿಗೆ ಹೋಗುವ ತಂಗಿಯ ಮಗಳು ಸಂಜೆ ಬಂದು ಅಕ್ಕನಿಗೆ ಕಾದಂಬರಿಯೊಂದನ್ನು ಓದಿ ಹೇಳುತ್ತಿದ್ದಳು. ಸಣ್ಣ ಊರಿನ ಇಬ್ಬರು ಅಂಗಡಿಯವರು ಹಾವು ಮುಂಗುಸಿಯಂತೆ ಕಚ್ಚಾಡುತ್ತಲೇ ಮನಸೋಲುವ ನಗೆಯ ಕಥೆ. ಓದು ಶುರುವಾದೊಡನೆ ಗೋಡೆಯಾಚೆ ಗರಗಸ ನಿಲ್ಲುತ್ತಿತ್ತು. ಅದು ಗಮನಕ್ಕೆ ಬಂದಂದಿನಿಂದ ಅಕ್ಕನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅವನು ನಿಜಕ್ಕೂ ಕೇಳುತ್ತಿದ್ದಾನೋ, ತನಗೇ ಭ್ರಮೆಯೋ? ನಿನ್ನೆಯಂತೂ ಬೆಳಗಿನಿಂದಲೇ ಗರಗಸದ ಸದ್ದಿಲ್ಲ. ಅಂಗಿಗೆ ತೋಳನ್ನು ತಿರುಗುಮುರುಗಾಗಿ ಹೊಲಿದಳು, ಬಿಚ್ಚಿದಳು, ಮತ್ತೆ ಹಾಗೇ ಹೊಲಿದಳು.

ಇವತ್ತು ಸಂಜೆ ಹುಡುಗಿ ಪುಸ್ತಕ ತೆರೆಯುವಷ್ಟರಲ್ಲಿ ಬಡಗಿಯೇ ಬಾಗಿಲಲ್ಲಿ ನಿಂತಿದ್ದ.

"ನಿನ್ನೆ ಒಂದು ಮನೆಗೆ ಕಿಟಕಿ ಕೂರಿಸೋಕೆ ಹೋಗಿದ್ದೆ. ಆ ಕಥೇಲಿ ಅವರಿಬ್ರೂ ಮುನಿಸು ಬಿಟ್ಟು ಮಾತಾಡಿದ್ರಾ?"

"ನೋಡಿದ್ಯಾ ದೊಡ್ಡಮ್ಮ, ಇವರು ಕದ್ದು ಕೇಳ್ತಿದ್ರು," ಎಂದಳು ಹುಡುಗಿ.

"ಕದಿಯೋದೇನು ಬಂತು? ನಿನ್ನ ಗಂಟಲು ನನ್ನ ಗರಗಸಕ್ಕಿಂತ ಜೋರು."

"ಅವರು ಮಾತಾಡಿದ್ರೆ ನಿಮಗೇನಂತೆ?" ಎಂದು ಅಕ್ಕ ಸೂಜಿ ಹುಡುಕುವವಳಂತೆ ತಲೆ ತಗ್ಗಿಸಿದಳು.

"ಏನಿಲ್ಲ. ತಪ್ಪು ಅವನದು. ಅವನೇ ಮೊದಲು ಬರಬೇಕಿತ್ತು."

ಅಕ್ಕ ಸ್ಟೂಲಿನ ಮೇಲಿದ್ದ ಬಟ್ಟೆಗಳನ್ನು ಎತ್ತಿ ಬದಿಗಿಟ್ಟಳು.

"ಕೂತ್ಕೊಳ್ಳಿ," ಎಂದಳು. ಆಮೇಲೆ ಹುಡುಗಿಯ ಕಡೆ ತಿರುಗಿದಳು. "ನಿನ್ನೆ ಓದಿದ್ದನ್ನೇ ಇನ್ನೊಂದ್ಸಲ ಓದಮ್ಮ. ನಾನೂ ಒಂದಕ್ಷರ ಕೇಳಿಸ್ಕೊಂಡಿಲ್ಲ."