ನಾಲ್ಕನೇ ಕುರ್ಚಿ

ಸಮಸ್ತ ನಾಗರಿಕರ ಅವಗಾಹನೆಗೆ ತರುವುದೇನೆಂದರೆ, ಅಯೋವಾ ರಾಜ್ಯದ ನಮ್ಮ ಹಾರ್ಲನ್ ಫೋರ್ಕ್ ಊರಿನ ಹವ್ಯಾಸಿ ನಾಟಕ ಸಂಘದ ರಂಗದ ಮೇಲೆ ನಾಳೆ ಶುಕ್ರವಾರ ಒಬ್ಬ ಹೆಂಗಸು ಕೂತುಕೊಳ್ಳಲಿದ್ದಾಳೆ.

ನಗಬೇಡಿ. ವರ್ನಾ ಲಿಂಡ್‌ಕ್ವಿಸ್ಟ್ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ತಲೆಗೂದಲು ಕಪ್ಪಗಿದ್ದ ಕಾಲದಿಂದಲೂ ನಮ್ಮ ಸಂಘದ ನಾಟಕಗಳ ಅಮ್ಮಂದಿರೆಲ್ಲ ಅವಳೇ. ಅವಳಿಗೆ ಸಿಗುತ್ತಿದ್ದುದು ಪಾತ್ರಕ್ಕಿಂತ ಹೆಚ್ಚಾಗಿ ಪಾತ್ರೆ. ಮಂಡಿ ಕೈಕೊಟ್ಟಿದೆ, ಇದೇ ನನ್ನ ಕೊನೆಯ ನಾಟಕ ಎಂದು ಈ ಸಲ ಹೇಳಿಬಿಟ್ಟಿದ್ದಳು.

ಅದು ಐವತ್ತರ ದಶಕದ ನಾಟಕ. ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡ ಗಂಡ, ಅವನ ತಮ್ಮ ಮತ್ತು ಮಗ. ಮೂವರೂ ಅಡುಗೆಮನೆಯಲ್ಲಿ ಕೂತು ಮೂರಂಕದುದ್ದಕ್ಕೂ ದೇಶದ ಭವಿಷ್ಯಕ್ಕಾಗಿ ಮರುಗುತ್ತಾರೆ. ಹೆಂಡತಿ ಕಾಫಿ ಬಗ್ಗಿಸುತ್ತಾಳೆ. ಅವಳಿಗೆ ಹೆಸರೂ ಇಲ್ಲ, ಬರೀ 'ತಾಯಿ'.

ನಿರ್ದೇಶಕಿ ಡೆಲ್ಫೀನ್ ಪ್ರಾಟ್ ಪಕ್ಕದೂರಿನ ಕಾಲೇಜಿನಲ್ಲಿ ನಾಟಕ ಪಾಠ ಮಾಡುವವಳು. ಮೊದಲ ದಿನದ ಓದು ಮುಗಿದಾಗ ಪುಸ್ತಕ ಮಡಿಸಿ ಕೇಳಿದಳು:

"ವರ್ನಾ, ಗಮನಿಸಿದ್ರಾ? ಇವಳು ಇಡೀ ನಾಟಕದಲ್ಲಿ ಒಂದ್ಸಲಾನೂ ಕೂರಲ್ಲ. ವಿಮರ್ಶಕರು ಇದನ್ನ ತ್ಯಾಗ ಅಂತ ಹಾಡಿ ಹೊಗಳಿದಾರೆ."

"ತ್ಯಾಗ ಎಲ್ಲಿ ಬಂತು ಕಣಮ್ಮ? ಜಾಗ ಇಲ್ಲ ಅಷ್ಟೆ."

ಡೆಲ್ಫೀನ್ ಜೋರಾಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಮಡಿಸಿದ್ದ ಪುಸ್ತಕ ಮತ್ತೆ ತೆರೆದಳು. ಯೋಜನೆ ಹುಟ್ಟಿದ್ದು ಆಗಲೇ. ಕೊನೆಯ ದೃಶ್ಯದಲ್ಲಿ ಗಂಡನ ಉದ್ದನೆಯ ಗೋಳು ಶುರುವಾದಾಗ ವರ್ನಾ ಒಳಗಿನಿಂದ ನಾಲ್ಕನೇ ಕುರ್ಚಿ ತಂದು ಮೇಜಿಗೆ ಹಾಕಿ ಕೂರಬೇಕು. ಹೆಚ್ಚಿನ ಮಾತಿಲ್ಲ, ಕಣ್ಣೀರಿಲ್ಲ. ಕೂರುವುದೂ ಒಂದು ನಿಲುವು ಎಂದು ನಮಗೆಲ್ಲ ಅವತ್ತೇ ತಿಳಿದದ್ದು.

ಗಂಡನ ಪಾತ್ರದ ರಸ್ ಹೋಲ್ಮ್, ಊರಿನ ವಿಮಾ ಏಜೆಂಟ್, ತಕರಾರು ತೆಗೆದ. "ಅಲ್ಲ ಮಾರಾಯ್ತಿ, ನಾನು ಅಳ್ತಿರೋವಾಗ ಜನ ನಿನ್ನ ಕುರ್ಚಿ ನೋಡ್ತಾರೆ."

"ನೋಡ್ಲಿ ಬಿಡೋ. ನಿನ್ನ ಅಳು ಊರಿಗೆಲ್ಲ ಬಾಯಿಪಾಠ ಆಗಿದೆ."

ತಾಲೀಮಿನಲ್ಲಿ ವರ್ನಾ ಕುರ್ಚಿ ತಂದಳು, ಕೂತಳು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ರಸ್‌ನ ಮುಖ ನೋಡಿದಳು. ಗಾಳಿಗೆ ಭಾಷಣ ಬಿಡುತ್ತಿದ್ದ ರಸ್ ಅರ್ಧಕ್ಕೇ ತಡವರಿಸಿದ.

"ಮಾತು ಮರೆತ್ಯಾ?" ಎಂದಳು ಡೆಲ್ಫೀನ್.

"ಇಲ್ಲ. ಇವಳು ಕೇಳಿಸ್ಕೊಳ್ತಿದಾಳೆ."

"ನಿಂತಿದ್ದಾಗ್ಲೂ ಕೇಳಿಸ್ಕೊಳ್ತಿದ್ದೆ ಕಣೋ," ಎಂದಳು ವರ್ನಾ.

ರಸ್ ಮತ್ತೆ ಮೊದಲಿನಿಂದ ಹೇಳಿದ, ಸಣ್ಣ ದನಿಯಲ್ಲಿ, ಅವಳೊಬ್ಬಳಿಗೇ ಹೇಳುವಂತೆ. ಅವತ್ತಿನಿಂದ ಕುರ್ಚಿಯ ದೊಡ್ಡ ಭಕ್ತ ಅವನೇ. ತಾಲೀಮಿನ ಫೋಟೋವನ್ನು ತಾನೇ ಊರಿನ ಪತ್ರಿಕೆಗೆ ಕೊಟ್ಟ. ಕೆಟ್ಟದ್ದು ಅಲ್ಲೇ.

ನಮ್ಮಲ್ಲಿ ಇಂಥ ನಾಟಕ ಆಡಬೇಕಾದರೆ ಹಕ್ಕು ಇಟ್ಟುಕೊಂಡ ಕಂಪನಿಯ ಅಪ್ಪಣೆ ಬೇಕು. ಒಂದಕ್ಷರ ಬದಲಿಸುವಂತಿಲ್ಲ. ಫೋಟೋ ಅವರ ಕಣ್ಣಿಗೂ ಬಿತ್ತು. ಇವತ್ತು, ಗುರುವಾರ, ಫೋನ್ ಬಂತು. ಡೆಲ್ಫೀನ್ ಎಲ್ಲರಿಗೂ ಕೇಳುವಂತೆ ಅದನ್ನು ರಂಗದ ಅಡುಗೆಮನೆಯ ಮೇಜಿನ ಮೇಲಿಟ್ಟಳು.

"ಫೋಟೋದಲ್ಲಿ ನಾಲ್ಕು ಕುರ್ಚಿ ಇದೆ ಮೇಡಂ," ಎಂದಿತು ಒಂದು ವಿನಯದ ಗಂಡುದನಿ.

"ಮಾತು ಒಂದೂ ಬದಲಿಸಿಲ್ಲ ಸಾರ್," ಎಂದಳು ಡೆಲ್ಫೀನ್.

"ಪುಸ್ತಕದ ಕೊನೇ ಪುಟ ನೋಡಿ. ರಂಗಸಾಮಾನು: ಮೇಜು ಒಂದು, ಕುರ್ಚಿ ಮೂರು. ಅದೂ ನಾಟಕಾನೇ. ನಾಲ್ಕನೇದು ಬಂದ್ರೆ ನಾಳೆ ಆಟ ಇಲ್ಲ."

ರಸ್ ಫೋನಿನತ್ತ ಬಾಗಿದ. "ನಾನೇ ಎದ್ದು ಜಾಗ ಬಿಟ್ಕೊಡ್ತೀನಪ್ಪಾ!"

"ಪರದೆ ಬೀಳೋವರೆಗೂ ಗಂಡಸರು ಮೂವರೂ ಕೂತೇ ಇರ್ತಾರೆ ಅಂತ ಬರೆದಿದೆ ಸಾರ್."

"ನೆಲದ ಮೇಲೆ?" ಎಂದು ಡೆಲ್ಫೀನ್ ಪಿಸುಗುಟ್ಟಿದಳು.

"ಕೂತ್ರೆ ನೀವೆಲ್ಲ ಸೇರಿ ಎತ್ತಬೇಕಾಗುತ್ತೆ," ಎಂದು ಹೇಳಿ ವರ್ನಾ ಫೋನಿಗೆ ಕೇಳಿದಳು: "ತಾಯಿ ಕೂರಬಾರದು ಅಂತ ಎಲ್ಲಾದ್ರೂ ಬರೆದಿದೆಯೇನಪ್ಪಾ?"

ಆ ಕಡೆಯಿಂದ ಪುಟ ಮಗುಚುವ ಸದ್ದು ಬಹಳ ಹೊತ್ತು ಕೇಳಿಸಿತು.

"ಇಲ್ಲ ಮೇಡಂ, ಎಲ್ಲೂ ಇಲ್ಲ. ಧಾರಾಳವಾಗಿ ಕೂತ್ಕೊಳ್ಳಿ. ಕುರ್ಚಿ ಮಾತ್ರ ಇರಬಾರದು."